‘ನಮಗೆ ಏನಾದ್ರೂ ಓಕೆ’ ಅನ್ನೋರ ಜೊತೆ ರೋಟೊರುವಾ

ಬೆಳಗ್ಗೆ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬಿತ್ತು: ‘ಮಾತಾರಿಕಿ ರಜೆಗೆ ಎಲ್ಲಿಗೆ ಹೋಗೋಣ? ನೀನೇ ನೋಡು ಕಣೇ, ನಮಗೆ ಎಲ್ಲಾದ್ರೂ ಓಕೆ.’ ಮಾತಾರಿಕಿ ಅಂದರೆ ಇಲ್ಲಿ ನ್ಯೂಜಿಲೆಂಡಿನಲ್ಲಿ ಮಾವೊರಿ ಜನರ ಹೊಸವರ್ಷ. ಮೆಸೇಜು ಓದಿ ಮೈ ಉರಿದುಹೋಯಿತು. ಜೂನ್ ಮೊದಲ ವಾರದ ಕಿಂಗ್ಸ್ ಬರ್ತ್‌ಡೇ ರಜೆಗೂ ಇದನ್ನೇ ಹೇಳಿದ್ದರು, ಆಗ ರೋಟೊರುವಾ ಆರಿಸಿದವಳು ನಾನೇ. ಆ ಸಿಟ್ಟೇ ನನಗಿನ್ನೂ ಇಳಿದಿಲ್ಲ.

ಆಕ್ಲೆಂಡಿನಿಂದ ರೋಟೊರುವಾಗೆ ಸುಮಾರು 230 ಕಿಲೋಮೀಟರ್, ಮೂರು ಗಂಟೆ ದಾರಿ. ಆರು ಜನ ದೊಡ್ಡವರು, ಎರಡು ಮಕ್ಕಳು. ಅಡುಗೆಮನೆ ಇರಬೇಕು, ಬಿಸಿನೀರಿನ ಕೊಳ ಇರಬೇಕು, ಕೆರೆಗೆ ಹತ್ತಿರ ಇರಬೇಕು. ಮೂರು ರಾತ್ರಿ ಕೂತು ಮೋಟೆಲ್ ಹುಡುಕಿದೆ. ಎರಡು ಆಯ್ಕೆ ಕಳಿಸಿ ‘ಯಾವುದು ಬುಕ್ ಮಾಡಲಿ?’ ಅಂತ ಕೇಳಿದರೆ ಎರಡಕ್ಕೂ ಹೆಬ್ಬೆರಳು ಒತ್ತಿದರು. ಎರಡಕ್ಕೂ! ಇದಕ್ಕೆ ಉತ್ತರ ಅಂತಾರಾ?

ಊರು ಸೇರಿ ಕಾರಿನ ಬಾಗಿಲು ತೆಗೆದ ಕೂಡಲೇ ಮೊದಲ ಮಾತು, ‘ಥೂ, ಏನೇ ಇದು ನಾತ! ಬೇರೆ ಊರೇ ಸಿಗಲಿಲ್ವಾ ನಿಂಗೆ?’ ರೋಟೊರುವಾ ಅಂದರೇನೇ ಗಂಧಕದ ವಾಸನೆ. ಸುಮಾರು 2,40,000 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ನೆಲ ಕುಸಿದ ಗುಂಡಿಯಲ್ಲಿ ಆ ಕೆರೆ ನಿಂತಿದೆ, ಅದರ ದಡದಲ್ಲಿ ಊರಿದೆ. ಮೋರಿ ಸಂದಿಯಲ್ಲೂ ಹಬೆ ಏಳುತ್ತೆ. ಇದನ್ನೆಲ್ಲ ಹೊರಡುವ ಮುಂಚೆಯೇ ಗ್ರೂಪಿನಲ್ಲಿ ಬರೆದಿದ್ದೆ. ಚಳಿಯಾದರೂ ಕಿಟಕಿ ಸ್ವಲ್ಪ ತೆರೆದಿಡಿ, ಆ ನಾತದ ಅನಿಲ (ಹೈಡ್ರೋಜನ್ ಸಲ್ಫೈಡ್) ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ ಪ್ರಾಣಕ್ಕೇ ಅಪಾಯ ಅಂತಲೂ ಬರೆದಿದ್ದೆ. ರಾತ್ರಿ ನೋಡಿದರೆ ಇದ್ದಬದ್ದ ಕಿಟಕಿಗಳನ್ನೆಲ್ಲ ಹಾಕಿ, ಸಂದಿಗೆ ಟವೆಲ್ ತುರುಕಿ ಮಲಗಿದ್ದರು. ಎದ್ದು ಹೋಗಿ ಬಾಗಿಲು ಬಡಿದು ತೆಗೆಸಿದೆ. ಅದಕ್ಕೂ ನನ್ನ ಮೇಲೇ ಮುಖ ಸಿಂಡರಿಸಿದರು.

ಅದೇ ಮೆಸೇಜಿನಲ್ಲಿ ಇನ್ನೊಂದು ಸಾಲಿತ್ತು: ‘ಬೆಳ್ಳಿ ಒಡವೆ ಮನೆಯಲ್ಲೇ ಬಿಟ್ಟು ಬನ್ನಿ, ಕಪ್ಪಾಗುತ್ತೆ.’ ಎಲ್ಲರ ಹೆಸರಿನ ಮುಂದೂ ನೀಲಿ ಟಿಕ್ ಬಿದ್ದಿದೆ, ಈಗಲೂ ತೆಗೆದು ತೋರಿಸಬಲ್ಲೆ. ಮಾರನೇ ಸಂಜೆ ಬಿಸಿನೀರಿನ ಕೊಳದಿಂದ ಎದ್ದು ಬಂದ ಒಬ್ಬಳು ಕಾಲು ಮುಂದೆ ಚಾಚಿದಳು. ಕಾಲುಂಗುರ ಇದ್ದಿಲಿನ ಹಾಗಾಗಿತ್ತು. ನಡುವೆ ಮೀನಿನ ಕೆತ್ತನೆ ಇದ್ದ ಕಡೆ ಮಾತ್ರ ಒಂದು ಬಿಳಿ ಗೆರೆ ಉಳಿದಿತ್ತು. ‘ಅತ್ತೆ ಕೊಟ್ಟಿದ್ದು ಕಣೇ, ನೀನು ಒಂದು ಮಾತು ಹೇಳಬಾರದಿತ್ತಾ?’ ಅಂತ ಅಳುಮುಖ. ಹೇಳಿದ್ದೆನಲ್ಲಾ! ರಾತ್ರಿ ಅಲ್ಯುಮಿನಿಯಂ ಹಾಳೆ, ಅಡುಗೆ ಸೋಡಾ, ಕುದಿಯುವ ನೀರು ಹಾಕಿ ಆ ಉಂಗುರ ಬೆಳಗಿಕೊಟ್ಟವಳೂ ನಾನೇ. ಥ್ಯಾಂಕ್ಸ್ ಬೇಡ, ‘ಓದಲಿಲ್ಲ ಕಣೇ, ತಪ್ಪಾಯ್ತು’ ಅಂದಿದ್ದರೆ ಸಾಕಿತ್ತು.

ಆದರೆ ನನ್ನ ಹೊಟ್ಟೆ ನಿಜವಾಗಿ ಉರಿದಿದ್ದು ಭಾನುವಾರ ಬೆಳಗ್ಗೆ. ಊರಿಂದ ಸುಮಾರು 30 ಕಿಲೋಮೀಟರ್ ದಕ್ಷಿಣಕ್ಕೆ ವೈಓಟಾಪು ಅನ್ನೋ ಬಿಸಿನೀರ ಬುಗ್ಗೆ, ಕೊಳಗಳ ತಾಣ ಇದೆ. ಅಲ್ಲಿನ ಲೇಡಿ ನಾಕ್ಸ್ ಅನ್ನೋ ಬಿಸಿನೀರ ಬುಗ್ಗೆ ದಿನಕ್ಕೊಂದೇ ಸಲ, 10:15ಕ್ಕೆ ಚಿಮ್ಮುತ್ತೆ. ಅಲ್ಲಿನ ಸಿಬ್ಬಂದಿಯೇ ಸೋಪು ಹಾಕಿ ಚಿಮ್ಮಿಸೋದು. ಕೆಳಗೆ ಕುದಿನೀರು, ಅದರ ಮೇಲೆ ಕೊಂಚ ತಣ್ಣನೆಯ ನೀರು ಮುಚ್ಚಳದ ಹಾಗೆ ಕೂತಿರುತ್ತೆ. ಸೋಪು ಬಿದ್ದರೆ ಮೇಲ್ಮೈ ಬಿಗಿತ ಸಡಿಲಾಗಿ ಎರಡೂ ಬೆರೆತು ನುಗ್ಗಿ ಬರುತ್ತೆ. 1901ರಲ್ಲಿ ಅಲ್ಲಿ ಬಟ್ಟೆ ಒಗೆಯುತ್ತಿದ್ದ ಕೈದಿಗಳು ಇದನ್ನು ಕಂಡುಕೊಂಡರು ಅಂತ ಹೇಳ್ತಾರೆ. ಈ ದೇಶಕ್ಕೆ ಬಂದಾಗಿನಿಂದ ಅದನ್ನು ನೋಡಬೇಕು ಅಂತ ಆಸೆ ಇಟ್ಟುಕೊಂಡಿದ್ದೆ. ‘ಒಂಬತ್ತಕ್ಕೆ ಕಾರು ಹೊರಡುತ್ತೆ’ ಅಂತ ಹಿಂದಿನ ರಾತ್ರಿ ಮೂರು ಸಲ ಹೇಳಿದ್ದೆ.

ಐದೂಮುಕ್ಕಾಲಿಗೆ ಎದ್ದು ಎಂಟು ಜನಕ್ಕೆ ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿದೆ. ಒಂಬತ್ತಾದರೂ ಒಬ್ಬಳು ಕೂದಲು ಒಣಗಿಸ್ತಾ ಇದ್ದಳು. ಒಂಬತ್ತೂಕಾಲಿಗೆ ಅವಳ ಗಂಡ ‘ಇನ್ನೊಂದು ಕಾಫಿ ಆಗಬಹುದಾ?’ ಅಂದ. ಹೊರಟಾಗ ಒಂಬತ್ತೂ ಐವತ್ತು. ಟಿಕೆಟ್ ತಗೊಂಡು, ಮತ್ತೆ ಕಾರು ಹತ್ತಿ ಬುಗ್ಗೆಯ ಹತ್ತಿರ ಹೋಗೋ ಹೊತ್ತಿಗೆ 10:40. ಜನ ಗುಂಪುಗುಂಪಾಗಿ ವಾಪಸ್ ಬರ್ತಾ ಇದ್ದರು. ಬೆಂಚುಗಳೆಲ್ಲ ಖಾಲಿ. ಬಿಳಿ ದಿಬ್ಬದ ಮೈ ಇನ್ನೂ ಒದ್ದೆಯಾಗಿತ್ತು, ಬುಡದಲ್ಲಿ ಸೋಪಿನ ನೊರೆ ನಿಂತಿತ್ತು, ಬಾಯಿಂದ ತೆಳ್ಳಗೆ ಹಬೆ ಬರ್ತಾ ಇತ್ತು. ನಾನು ನೋಡಿದ್ದು ಅಷ್ಟೇ. ಪಕ್ಕದಲ್ಲಿ ನಿಂತವಳು ಹೇಳಿದ್ದು, ‘ಇಷ್ಟಕ್ಕೆ ದುಡ್ಡು ಕೊಟ್ವಾ?’

ಗಂಟಲು ಕಟ್ಟಿತು. ಏನೂ ಮಾತಾಡದೆ ಡಬ್ಬಿ ಹಿಡ್ಕೊಂಡು ಮುಂದೆ ನಡೆದೆ.

ಅಲ್ಲೇ ಇರೋ ಶಾಂಪೇನ್ ಪೂಲ್ ಅನ್ನೋ ಬಿಸಿನೀರ ಕೊಳ ಚೆನ್ನಾಗಿತ್ತು, 74 ಡಿಗ್ರಿಯ ನೀರು, ಅಂಚಿಗೆ ಕುಂಕುಮ ಅರಿಶಿನ ಕಲಸಿದ ಬಣ್ಣ. ನೋಡೋ ಮನಸ್ಸೇ ಇರಲಿಲ್ಲ ನನಗೆ. ಸಂಜೆ ಮೋಟೆಲಿನ ಕೊಳದಲ್ಲಿ ಮಕ್ಕಳು ತಲೆ ಮುಳುಗಿಸೋ ಪಂದ್ಯ ಕಟ್ಟಿದ್ದವು. ತಲೆ ಮುಳುಗಿಸಬೇಡಿ ಅಂತ ಗೋಡೆ ಮೇಲೇ ಬೋರ್ಡಿದೆ. ಕೇರಳದಲ್ಲಿ ಸುದ್ದಿಯಾದ ಆ ಮೆದುಳು ತಿನ್ನುವ ಅಮೀಬಾ ಇಂಥ ಬಿಸಿನೀರಲ್ಲೂ ಇರಬಹುದು, ಮೂಗಿಗೆ ನೀರು ಹೋದರೆ ಕಷ್ಟ ಅಂದೆ. ‘ನೀನು ಎಲ್ಲದಕ್ಕೂ ಹೆದರಿಸ್ತೀಯ’ ಅಂದರು. ಅವು ಹೆತ್ತವರ ಕಣ್ಣೆದುರಿಗಿದ್ದ ಮಕ್ಕಳು, ಆದರೂ ದಡದಲ್ಲಿ ಕೂತು ಕಾದವಳು ನಾನು.

ಕೊನೆಯ ದಿನ ಕೆರೆ ದಡದಲ್ಲಿ ನಿಂತಾಗ ನಡುವಿನ ಮೊಕೊಯಾ ದ್ವೀಪ ತೋರಿಸಿ ಮಾವೊರಿ ಪ್ರೇಮಕಥೆಯ ಹಿನೆಮೊವಾಳ ಕಥೆ ಶುರು ಮಾಡಿದೆ. ಅವಳ ಕಡೆಯವರು ದೋಣಿಗಳನ್ನೆಲ್ಲ ದಡಕ್ಕೆ ಎಳೆದಿಟ್ಟಾಗ, ದ್ವೀಪದಲ್ಲಿದ್ದ ಪ್ರಿಯಕರ ಟುಟಾನೆಕೈಯ ಕೊಳಲ ದನಿ ಹಿಡಿದು ಅವಳು ರಾತ್ರಿ ಈಜಿಕೊಂಡು ಹೋದಳಂತೆ, ಮೈಗೆ ಸೋರೆಬುರುಡೆ ಕಟ್ಟಿಕೊಂಡು. ನಮ್ಮೂರ ಬಾವಿಯಲ್ಲಿ ನನ್ನ ಸೊಂಟಕ್ಕೂ ಅಪ್ಪ ಸೋರೆಬುರುಡೆ ಕಟ್ಟೇ ಈಜು ಕಲಿಸಿದ್ದು. ಅದನ್ನು ಹೇಳಬೇಕು ಅಂತ ತಿರುಗಿದರೆ ಅಷ್ಟೂ ಜನ ಕರಿ ಹಂಸದ ಮುಂದೆ ಸೆಲ್ಫಿ ತೆಗೀತಾ ಇದ್ದರು.

ಮೋಟೆಲ್, ಟಿಕೆಟ್, ಪೆಟ್ರೋಲ್ ಎಲ್ಲ ನನ್ನ ಕಾರ್ಡಿನ ಮೇಲಿದೆ. ಲೆಕ್ಕ ಕಳಿಸಿ ಎರಡು ವಾರವಾಯಿತು, ದುಡ್ಡು ಹಾಕಿದ್ದು ಒಬ್ಬನೇ. ‘ಏನಾದ್ರೂ ಓಕೆ’ ಅನ್ನೋರು ಹೊಂದಿಕೊಂಡು ಹೋಗೋರಲ್ಲ. ಹುಡುಕೋ ಕೆಲಸ, ಬೈಸಿಕೊಳ್ಳೋ ಕೆಲಸ ಎರಡನ್ನೂ ಇನ್ನೊಬ್ಬರ ತಲೆಗೆ ಕಟ್ಟೋರು.

ಇವತ್ತಿನ ಮೆಸೇಜಿಗೆ ಉತ್ತರ ಕೊಟ್ಟಿಲ್ಲ, ಕೊಡೋದೂ ಇಲ್ಲ. ಮಾತಾರಿಕಿ ರಜೆಗೆ ನಾನೊಬ್ಬಳೇ ರೋಟೊರುವಾಗೆ ಹೋಗ್ತೀನಿ. ಹತ್ತು ಗಂಟೆಗೆಲ್ಲ ಆ ಬೆಂಚಿನ ಮೊದಲ ಸಾಲಲ್ಲಿ ಕೂತಿರ್ತೀನಿ.