ಬೀಗ ಹಾಕಿದವರ ಹೆಸರು ಬಾಗಿಲ ಮೇಲಿರಲಿ

2022ರ ಫೆಬ್ರವರಿ 28ರಂದು ಉಕ್ರೇನ್ ಸರ್ಕಾರ, ಇಂಟರ್ನೆಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್‌ಗೆ ಪತ್ರ ಬರೆಯಿತು: ತಾಣಗಳ ಹೆಸರಿನ ಕೊನೆಗೆ ಬರುವ ರಷ್ಯಾದ ‘ಡಾಟ್ ಆರ್‌ಯು’ ರದ್ದು ಮಾಡಿ, ಹೆಸರು ಹುಡುಕಲು ನೆರವಾಗುವ ಅಲ್ಲಿನ ರೂಟ್ ಸರ್ವರ್‌ಗಳನ್ನು ಬಂದ್ ಮಾಡಿಸಿ. ಮಾರ್ಚ್ 2ರಂದು ಐಕ್ಯಾನ್ ಆಗುವುದಿಲ್ಲ ಎಂದಿತು. ಇಂಟರ್ನೆಟ್ಟಿನ ಅಂಕಿ ವಿಳಾಸಗಳನ್ನು (ಐಪಿ) ಹಂಚುವ ರೈಪ್ ಎನ್‌ಸಿಸಿಯ ಉತ್ತರವೂ ಅದೇ. ಅದರ ಕಚೇರಿ ನಾನಿರುವ ಇದೇ ಆಮ್‌ಸ್ಟರ್‌ಡ್ಯಾಮಿನಲ್ಲಿದೆ. ಅದೇ ಮಾರ್ಚ್ 2ರಂದು ಐರೋಪ್ಯ ಒಕ್ಕೂಟ ರಷ್ಯಾ ಸರ್ಕಾರದ ಮಾಧ್ಯಮಗಳಾದ ಆರ್‌ಟಿ, ಸ್ಪುಟ್ನಿಕ್ ಪ್ರಸಾರವನ್ನು ನಿಷೇಧಿಸಿತು. ಯಾವ ಯಾವ ಡೊಮೇನ್ (ತಾಣದ ಹೆಸರು) ಮುಚ್ಚಬೇಕೆಂಬ ಪಟ್ಟಿ ಮಾತ್ರ ಆ ಆದೇಶದಲ್ಲಿರಲಿಲ್ಲ.

ಐಕ್ಯಾನ್ ಮಾಡಿದ್ದು ಸರಿ. ‘ಡಾಟ್ ಆರ್‌ಯು’ ಕಿತ್ತರೆ ಸರ್ಕಾರದ ಪ್ರಚಾರದ ಜೊತೆಗೆ ಯುದ್ಧ ಬೇಡವೆನ್ನುವ ರಷ್ಯನ್ನರ ತಾಣವೂ, ಆಸ್ಪತ್ರೆಯ ಇಮೇಲೂ ಹೋಗುತ್ತಿತ್ತು. ತಾಣದೊಳಗೆ ಏನಿದೆ ಎಂಬುದನ್ನು ತಾನು ನಿಯಂತ್ರಿಸುವಂತಿಲ್ಲ ಎಂದು ಐಕ್ಯಾನ್‌ನ ನಿಯಮಾವಳಿಯೇ 2016ರಿಂದ ಹೇಳುತ್ತದೆ. ಆದರೆ ಇದನ್ನೇ ಹಿಡಿದುಕೊಂಡು ‘ಸೆನ್ಸಾರ್‌ಶಿಪ್ ನಮ್ಮ ವಿಷಯವಲ್ಲ’ ಎನ್ನುವ ತಾಂತ್ರಿಕ ಸಂಸ್ಥೆಗಳವರ ಮಾತನ್ನು ನಾನು ಒಪ್ಪುವುದಿಲ್ಲ. ಏನನ್ನು ಮುಚ್ಚಬೇಕು ಎಂಬುದು ಅವರ ವಿಷಯವಲ್ಲ ನಿಜ. ಹೇಗೆ ಮುಚ್ಚುತ್ತಾರೆ ಎಂಬುದು ಖಂಡಿತ ಅವರದೇ.

2008ರ ಫೆಬ್ರವರಿ 24ನ್ನೇ ನೋಡಿ. ಯೂಟ್ಯೂಬ್ ಮುಚ್ಚಿ ಎಂದು ಪಾಕಿಸ್ತಾನ ಸರ್ಕಾರ ತನ್ನ ಕಂಪನಿಗಳಿಗೆ ಹೇಳಿತು. ಯೂಟ್ಯೂಬ್ ಆಗ 208.65.152.0/22 ಎಂಬ ವಿಳಾಸಗುಚ್ಛ ತನ್ನದೆಂದು ಇಂಟರ್ನೆಟ್ಟಿಗೆ ಸಾರುತ್ತಿತ್ತು. ಪಾಕಿಸ್ತಾನ್ ಟೆಲಿಕಾಂ ಅದರೊಳಗಿನ 208.65.153.0/24 ತನ್ನದೆಂದು ಸಾರಿತು. ದಾರಿ ಆರಿಸುವ ಯಂತ್ರಗಳಾದ ರೂಟರ್‌ಗಳಿಗೆ ಚಿಕ್ಕ ಗುಚ್ಛದ ದಾರಿಯೇ ಮೇಲು. ದೇಶದೊಳಗೇ ಉಳಿಯಬೇಕಿದ್ದ ಈ ಸಾರಣೆಯನ್ನು ಹಾಂಕಾಂಗಿನ ಪಿಸಿಸಿಡಬ್ಲ್ಯು ಕಂಪನಿ ಪರೀಕ್ಷಿಸದೆ ಜಗತ್ತಿಗೆ ದಾಟಿಸಿತು. ಸುಮಾರು ಎರಡು ಗಂಟೆ ಬೇರೆ ದೇಶಗಳಲ್ಲೂ ಯೂಟ್ಯೂಬ್ ಸಿಗಲಿಲ್ಲ. ಒಂದು ದೇಶದ ನಿರ್ಬಂಧ ಎಲ್ಲರ ತಲೆಗೂ ಬಂತು. ಇದು ವಾಕ್‌ಸ್ವಾತಂತ್ರ್ಯದ ಪ್ರಶ್ನೆಯೋ ರೂಟಿಂಗಿನ ಪ್ರಶ್ನೆಯೋ? ಎರಡನ್ನೂ ಬಿಡಿಸಿಡಲು ಆಗದು.

ಇಂದಿನ ನಿರ್ಬಂಧ ಇದಕ್ಕಿಂತ ಸದ್ದಿಲ್ಲದ್ದು. ತಾಣವೊಂದು ತೆರೆಯದಿದ್ದರೆ ಪರೀಕ್ಷೆ ಸುಲಭ. ಕಂಪ್ಯೂಟರಿನ ‘ಡಿಗ್’ ಆಜ್ಞೆಯಿಂದ ಆ ಹೆಸರನ್ನು ಮೊದಲು ನಿಮ್ಮ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ (ಹೆಸರಿಗೆ ವಿಳಾಸ ಹೇಳುವ) ಸರ್ವರಿಗೆ, ಆಮೇಲೆ ಎಲ್ಲರಿಗೂ ತೆರೆದಿರುವ 9.9.9.9 ಎಂಬ ಬೇರೊಂದು ಸರ್ವರಿಗೆ ಕೇಳಿ. ಎರಡನೆಯದು ಸರಿಯಾದ ವಿಳಾಸ ಕೊಟ್ಟು ಮೊದಲನೆಯದು ‘ಅಂಥ ಹೆಸರೇ ಇಲ್ಲ’ ಎಂದರೆ ತಡೆ ಬಹುಶಃ ಡಿಎನ್‌ಎಸ್‌ನಲ್ಲಿದೆ. ಇಬ್ಬರೂ ಸರಿಯಾದ ವಿಳಾಸವನ್ನೇ ಕೊಟ್ಟು, ಗೂಢಲಿಪಿಯ ಸಂಪರ್ಕ (ಟಿಎಲ್‌ಎಸ್) ಶುರುಮಾಡುವ, ತಾಣದ ಹೆಸರು ಹೊತ್ತ ಮೊದಲ ಸಂದೇಶ ಹೋದ ಕೂಡಲೇ ಸಂಪರ್ಕ ಕಡಿದರೆ, ನಡುವೆ ಯಾರೋ ಹೆಸರು ಓದಿ ಕತ್ತರಿಸುತ್ತಿರಬಹುದು. ಇಷ್ಟೆಲ್ಲ ಮಾಡದವನಿಗೆ ಎರಡೂ ಒಂದೇ: ‘ಸರ್ವರ್ ಡೌನ್ ಇರಬೇಕು’.

ಭಾರತದಲ್ಲಿ ವಿಡಿಯೊ ನೋಡುವ ತಂತ್ರಾಂಶ ವಿಎಲ್‌ಸಿ ಪ್ಲೇಯರಿನ ತಾಣಕ್ಕೆ ಆದದ್ದು ಇಂಥದ್ದೇ. 2022ರಲ್ಲಿ ತಿಂಗಳುಗಟ್ಟಲೆ ಅದು ತೆರೆಯಲಿಲ್ಲ. ನಮಗೆ ನೋಟಿಸೇ ಬಂದಿಲ್ಲ ಎಂದರು ತಂತ್ರಾಂಶದವರು. ವಕೀಲರ ನೋಟಿಸು ಹೋದ ಮೇಲೆ ನವೆಂಬರಿನಲ್ಲಿ ತಡೆ ತೆರವಾಯಿತು. ತಾಣ ಮುಚ್ಚಿಸುವ ಅಧಿಕಾರ ಕೊಡುವ ಐಟಿ ಕಾಯ್ದೆಯ 69ಎ ಅಡಿಯ 2009ರ ನಿಯಮಗಳಲ್ಲಿ 8ನೆಯದು ನೋಟಿಸು ಕೊಡಿ ಎನ್ನುತ್ತದೆ, 16ನೆಯದು ಎಲ್ಲವನ್ನೂ ಗುಟ್ಟಾಗಿಡಿ ಎನ್ನುತ್ತದೆ. 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 69ಎಯನ್ನು ಉಳಿಸಿದ್ದಕ್ಕೆ ಒಂದು ಮುಖ್ಯ ಆಧಾರ, ಕಾರಣಗಳನ್ನು ಬರೆದಿಡಬೇಕು, ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂಬುದು. ಕೈಗೇ ಸಿಗದ ಕಾರಣವನ್ನು ಪ್ರಶ್ನಿಸುವುದು ಹೇಗೋ! 69ಎ ದಾರಿಯನ್ನು ಬಿಟ್ಟು, ಕೇಂದ್ರ ಸರ್ಕಾರದ ಸಹಯೋಗ್ ಪೋರ್ಟಲ್ ಮೂಲಕ ನೇರವಾಗಿ ‘ತೆಗೆಯಿರಿ’ ಎಂದು ಹೇಳುವುದನ್ನು ಪ್ರಶ್ನಿಸಿದ್ದ ಎಕ್ಸ್ ಕಂಪನಿಯ ಅರ್ಜಿಯನ್ನು ನಮ್ಮ ಕರ್ನಾಟಕ ಹೈಕೋರ್ಟೇ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು.

ಇಲ್ಲಿ ಯುರೋಪಿನಲ್ಲಿ ಡಿಜಿಟಲ್ ಸೇವೆಗಳ ಕಾಯ್ದೆ (ಡಿಎಸ್ಎ) ಪೂರ್ತಿ ಜಾರಿಗೆ ಬಂದದ್ದು 2024ರ ಫೆಬ್ರವರಿ 17ರಂದು. ಅದರ 9ನೇ ವಿಧಿಯ ಪ್ರಕಾರ ತೆಗೆಯಿರಿ ಎನ್ನುವ ಆದೇಶದಲ್ಲಿ ಕಾನೂನಿನ ಆಧಾರ, ಕಾರಣ, ಯಾವ ಪ್ರದೇಶಕ್ಕೆ ಅನ್ವಯ, ಎಲ್ಲಿ ಮೇಲ್ಮನವಿ ಎಂಬುದೆಲ್ಲ ಇರಬೇಕು; ಬರೆದವನಿಗೂ ತಿಳಿಸಬೇಕು. ಹಾಗೆಂದು ಯುರೋಪೇನು ಸ್ವರ್ಗವಲ್ಲ. ಇಟಲಿಯ ‘ಪೈರಸಿ ಶೀಲ್ಡ್’ ವ್ಯವಸ್ಥೆಯಲ್ಲಿ, ಫುಟ್‌ಬಾಲ್ ಪ್ರಸಾರದ ಹಕ್ಕುದಾರರು ದೂರು ಹಾಕಿದ 30 ನಿಮಿಷದೊಳಗೆ ಕಂಪನಿಗಳು ವಿಳಾಸವನ್ನು ಮುಚ್ಚಬೇಕು. ಮೊದಲೇ ನೋಡಲು ನ್ಯಾಯಾಧೀಶರಿಲ್ಲ. 2024ರ ಅಕ್ಟೋಬರಿನಲ್ಲಿ ಗೂಗಲ್ ಡ್ರೈವಿನ ಡೌನ್‌ಲೋಡ್ ಡೊಮೇನೇ ಆ ಬಲೆಗೆ ಬಿತ್ತು. ಒಂದೇ ಐಪಿಯ ಹಿಂದೆ ಸಾವಿರಾರು ತಾಣ ಇರುವ ಕಾಲದಲ್ಲಿ ಅರ್ಧ ಗಂಟೆಯ ಆತುರಕ್ಕೆ ಬೇರೆ ಫಲ ಸಿಕ್ಕೀತೇ?

ವಿಶ್ವಸಂಸ್ಥೆಯ ಇಂಟರ್ನೆಟ್ ಗವರ್ನೆನ್ಸ್ ಫೋರಂ ಬಗ್ಗೆ ನನಗೆ ಭರವಸೆ ಕಡಿಮೆ. ಅದು ತೀರ್ಮಾನ ಮಾಡುವ ಸಭೆಯೇ ಅಲ್ಲ. 2009ರಲ್ಲಿ ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ, ಚೀನಾದ ಇಂಟರ್ನೆಟ್ ತಡೆಗೋಡೆ ‘ಫೈರ್‌ವಾಲ್’ ಹೆಸರಿದ್ದ ಪೋಸ್ಟರನ್ನೇ ವಿಶ್ವಸಂಸ್ಥೆಯ ಭದ್ರತಾ ಸಿಬ್ಬಂದಿ ತೆಗೆಸಿದರು.

ಹೆಚ್ಚು ಕೆಲಸ ಆಗಿರುವುದು, ಮಾತು ಕಡಿಮೆಯಿರುವ, ಇಂಟರ್ನೆಟ್ಟಿನ ತಾಂತ್ರಿಕ ಮಾನಕ ಬರೆಯುವ ಐಇಟಿಎಫ್‌ನಲ್ಲಿ. ಅದರ ಮಾನಕ ದಾಖಲೆಗಳಲ್ಲೊಂದಾದ 2016ರ ಆರ್‌ಎಫ್‌ಸಿ 7725 ‘451’ ಎಂಬ ಸಂಕೇತ ಕೊಟ್ಟಿತು: ಕಾನೂನಿನ ಕಾರಣಕ್ಕೆ ತೋರಿಸುತ್ತಿಲ್ಲ. ತಡೆ ಹಾಕಿದವರು ಯಾರೆಂದು ಹೇಳಲೂ ಅದರಲ್ಲಿ ಜಾಗವಿದೆ. ತೊಡಕೆಂದರೆ, ಗೂಢಲಿಪಿಯಲ್ಲಿ ಮಾತಾಡುವ ಎಚ್‌ಟಿಟಿಪಿಎಸ್ ತಾಣಕ್ಕೂ ನೋಡುವವರಿಗೂ ನಡುವೆ ಕೂತ ಇಂಟರ್ನೆಟ್ ಕಂಪನಿ ಈ ಪುಟ ತೋರಿಸಲಾರದು. ತಾಣದ ಗುರುತುಪತ್ರವಾದ ಸರ್ಟಿಫಿಕೇಟ್ ತಾಳೆಯಾಗದೆ ಬ್ರೌಸರ್ ಎಚ್ಚರಿಕೆ ಕೊಡುತ್ತದೆ. ಅದಕ್ಕೆ 2020ರ ಆರ್‌ಎಫ್‌ಸಿ 8914 ಡಿಎನ್‌ಎಸ್ ಉತ್ತರದಲ್ಲೇ ಸಂಕೇತ ಇಟ್ಟಿತು. 15 ಎಂದರೆ ಸರ್ವರ್ ನಡೆಸುವವರೇ ತಡೆದದ್ದು, 16 ಎಂದರೆ ಹೊರಗಿನವರ ಅಪ್ಪಣೆಯಿಂದ ತಡೆದದ್ದು, 17 ಎಂದರೆ ಗ್ರಾಹಕರೇ ಕೇಳಿಕೊಂಡ ಸೋಸುವಿಕೆ.

ದೆಹಲಿಯಾಗಲಿ ರೋಮ್ ಆಗಲಿ, ಮುಚ್ಚಿಸುವ ಅಧಿಕಾರ ಬಿಟ್ಟುಕೊಡುವುದಿಲ್ಲ. ಮುಚ್ಚಿದಾಗ 16 ಹಾಕಲೇಬೇಕು ಎಂದು ಇಂಟರ್ನೆಟ್ ಕಂಪನಿಗಳ ಪರವಾನಗಿಯಲ್ಲಿ ಒಂದು ಸಾಲು ಸೇರಿಸಲಿ. ಆ ಸಂಖ್ಯೆ ಇಂದು ಡಿಗ್ ಬಳಸುವವರಿಗೆ ಕಾಣುತ್ತದೆ. ಬಹುತೇಕ ಬ್ರೌಸರ್‌ಗಳು ಮಾತ್ರ ಅದನ್ನು ನುಂಗಿಕೊಂಡು ‘ತಾಣ ಸಿಗುತ್ತಿಲ್ಲ’ ಎಂದಷ್ಟೇ ತೋರಿಸುತ್ತವೆ.