ಕೆಂಪು ಕೋಟೆಯ ಗೋಡೆ ಗೀಚುವವರೇ, ಯಾಕೆ?

ದೆಹಲಿಯ ಕೆಂಪು ಕೋಟೆಗೆ ಹೋಗಿದ್ದೆ. ಪ್ರತಿ ಆಗಸ್ಟ್ 15ಕ್ಕೆ ಟಿವಿಯಲ್ಲಿ ನೋಡುತ್ತಾ ಬೆಳೆದ ಲಾಹೋರಿ ದ್ವಾರದ ಎದುರು ನಿಂತಾಗ ಗಂಟಲು ಕಟ್ಟಿತು. ಒಳಗೆ ಹೋದರೆ ಗೋಡೆ ಮೇಲೆ ಯಾರದೋ ಹೆಸರು, ಪಕ್ಕದಲ್ಲೊಂದು ಹೃದಯ, ಅದಕ್ಕೆ ಚುಚ್ಚಿದ ಬಾಣ! ಹೊಸದಾಗಿ ಕೆರೆದದ್ದು, ಬೆರಳಿಟ್ಟರೆ ಕೆಂಪು ಪುಡಿ ಅಂಟಿತು. ಮೈಯೆಲ್ಲ ಉರಿದುಹೋಯಿತು. 1648ರಲ್ಲಿ ಕಟ್ಟಿ ಮುಗಿಸಿದ ಕೋಟೆ ಇದು. 1857ರ ದಂಗೆಯ ನಂತರ ಬ್ರಿಟಿಷರು ಒಳಗಿನ ಎಷ್ಟೋ ಕಟ್ಟಡ ಕೆಡವಿ ಬ್ಯಾರಕ್ ಎಬ್ಬಿಸಿದರು. ಕೊನೆಯ ಮೊಘಲ್ ಬಾದಷಾ ಬಹಾದೂರ್ ಷಾ ಜಫರ್, ಆಮೇಲೆ 1945ರಲ್ಲಿ ನೇತಾಜಿ ಸುಭಾಷರ ಸೇನೆಯಾದ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳು ವಿಚಾರಣೆ ಎದುರಿಸಿದ್ದೂ ಇಲ್ಲೇ. ಅಷ್ಟನ್ನೂ ತಾಳಿಕೊಂಡ ಗೋಡೆ ನಮ್ಮವರ ಕೈಯಲ್ಲೇ ಹಾಳಾಗಬೇಕೇ?

ನಮ್ಮ ಬಸ್ಸಿನಲ್ಲೇ ಬಂದ ಹುಡುಗನೊಬ್ಬ ಕೀಲಿಕೈ ತೆಗೆದ. ತಡೆದೆ. "ಎಲ್ರೂ ಬರೆದಿದಾರಲ್ಲ" ಅಂದ. ಅವನ ಅಪ್ಪ ಪಕ್ಕದಲ್ಲೇ ಫೋಟೋ ತೆಗೆಯುತ್ತಾ ನಿಂತಿದ್ದರು.