ಹೆಸರು ಕೇಳಿ ರಕ್ತ ತೆಗೆಯಲಿ

ಯುಗಾದಿ ಮಾರನೇ ದಿನ ದಾವಣಗೆರೆಯಲ್ಲಿ ಅಪ್ಪಾಜಿಯ ರಕ್ತ ಪರೀಕ್ಷೆ ಮಾಡಿಸಿದೆವು. ಸಂಜೆ ಫೋನಿಗೆ ರಿಪೋರ್ಟ್ ಬಂತು. ಪೊಟ್ಯಾಶಿಯಂ 6.4. ಇರಬೇಕಾದ್ದು ಸುಮಾರು 3.5ರಿಂದ 5. ಅಷ್ಟು ಏರಿದರೆ ಎದೆ ಬಡಿತವೇ ತಪ್ಪಬಹುದು. ತಟ್ಟೆಯಲ್ಲಿದ್ದ ಹೋಳಿಗೆ ಹಾಗೇ ಬಿಟ್ಟು ಆಸ್ಪತ್ರೆಗೆ ಓಡಿದೆವು. ಇಸಿಜಿ ಸರಿಯಿತ್ತು. ಮತ್ತೆ ರಕ್ತ ತೆಗೆದು ನೋಡಿದರು, 4.4! ಮೊದಲಿನ ಸ್ಯಾಂಪಲ್ಲಿನಲ್ಲಿ ರಕ್ತಕಣ ಒಡೆದು, ಒಳಗಿದ್ದ ಪೊಟ್ಯಾಶಿಯಂ ಹೊರಗೆ ಬಂದಿರಬೇಕು ಅಂದರು ಡಾಕ್ಟರು. ಅವತ್ತು ರಾತ್ರಿ ಅಮ್ಮ ನಿದ್ದೆ ಮಾಡಲಿಲ್ಲ.

ಬೆಳಿಗ್ಗೆ ನಡೆದದ್ದನ್ನು ನಾನೇ ನೋಡಿದ್ದೆ. ಲ್ಯಾಬಿನ ಹುಡುಗ ಸಿರಿಂಜಿನಲ್ಲಿ ರಕ್ತ ಎಳೆದ. ಸೂಜಿ ತೆಗೆಯದೆ ಟ್ಯೂಬಿನ ಮುಚ್ಚಳಕ್ಕೆ ಚುಚ್ಚಿ, ಹೆಬ್ಬೆರಳಲ್ಲಿ ಜೋರಾಗಿ ಒತ್ತಿದ. ಹಾಗೆ ಒತ್ತಿದರೆ ರಕ್ತಕಣ ಒಡೆಯುತ್ತದೆ. ಟ್ಯೂಬಿನೊಳಗೆ ನೊರೆ ಎದ್ದಿತು. ಕೆಮ್ಮಿನ ಔಷಧಿ ಬಾಟಲಿ ಕುಲುಕಿದ ಹಾಗೆ ಕುಲುಕಿ ಚೀಲಕ್ಕೆ ಹಾಕಿಕೊಂಡ. ಹೆಸರು ಬರೆಯಲ್ವಾ ಅಂದೆ. "ಆಮೇಲೆ ಬರ್ಕೊಂತೀನಿ ಬಿಡ್ರಿ ಅಣ್ಣಾ, ಮೇಷ್ಟ್ರು ನನಗೆ ಗೊತ್ತಿಲ್ವಾ?" ಚಹಾ ಕುಡಿದು, ಇನ್ನೂ ನಾಲ್ಕು ಮನೆ ಇದೆ ಅಂತ ಬೈಕ್ ಹತ್ತಿದ.

ನಾನು ಚೆನ್ನೈಗೆ ಬಂದು 14 ವರ್ಷ ಆಯ್ತು. ಇಲ್ಲಿ ನಾನು ಹೋಗುವ ಲ್ಯಾಬಿನಲ್ಲಿ ಒಬ್ಬ ಹೆಂಗಸು ಇದ್ದಾರೆ. ಪ್ರತಿ ಸಲ ನನ್ನ ಬಾಯಿಂದಲೇ ಹೆಸರು, ಹುಟ್ಟಿದ ದಿನ ಹೇಳಿಸುತ್ತಾರೆ. ಕೈಯಲ್ಲಿ ಚೀಟಿ ಇದ್ದರೂ ಅಷ್ಟೇ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ನೋಡುತ್ತಾ ಕೂತೆ. ನೀಲಿ ಮುಚ್ಚಳದ ಟ್ಯೂಬು ಮೊದಲು, ಆಮೇಲೆ ಹಳದಿ, ನೇರಳೆ, ಕೊನೆಗೆ ಬೂದು. ನೇರಳೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ಪೊಟ್ಯಾಶಿಯಂ ಲವಣ. ಅದು ಹಳದಿಗೆ ಸ್ವಲ್ಪ ತಾಗಿದರೂ ಪೊಟ್ಯಾಶಿಯಂ ಲೆಕ್ಕ ಸುಳ್ಳಾಗುತ್ತದೆ. ಬೂದು ಮುಚ್ಚಳದ್ದು ಸಕ್ಕರೆಗೆ. ಅದರಲ್ಲಿ ಫ್ಲೋರೈಡ್ ಇಲ್ಲದಿದ್ದರೆ ರಕ್ತಕಣಗಳು ಟ್ಯೂಬಿನಲ್ಲೇ ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಸಕ್ಕರೆ ತಿಂದುಹಾಕುತ್ತವೆ. ಟ್ಯೂಬನ್ನು ಕುಲುಕುವುದಿಲ್ಲ. ಮಗುವಿಗೆ ಮಗ್ಗುಲು ಬದಲಿಸಿದ ಹಾಗೆ ಎಂಟು ಹತ್ತು ಸಲ ನಿಧಾನ ತಿರುಗಿಸುತ್ತಾರೆ. ನಾನು ಕುರ್ಚಿ ಬಿಟ್ಟು ಏಳುವ ಮೊದಲೇ ಹೆಸರಿನ ಚೀಟಿ ಅಂಟಿರುತ್ತದೆ.

ಇದನ್ನೆಲ್ಲ ಹೇಳಿದರೆ ನಮ್ಮಣ್ಣ, "ನಿಮ್ಮ ಚೆನ್ನೈನೋರದ್ದೇನು ಬಂಗಾರದ ರಕ್ತನಾ?" ಅಂದ. ನನಗೆ ನಗು ಬರಲಿಲ್ಲ. ನಮ್ಮೂರಲ್ಲಿ 1965ರಿಂದ ಮೆಡಿಕಲ್ ಕಾಲೇಜಿದೆ. ಹಾವೇರಿ, ಹರಪನಹಳ್ಳಿ ಕಡೆಯವರೂ ತೋರಿಸಿಕೊಳ್ಳಲು ಅಲ್ಲಿಗೇ ಬರುತ್ತಾರೆ. ಹೀಗೆ ಮಾಡಬೇಕು ಅಂತ ಗೊತ್ತಿಲ್ಲದ ಊರಲ್ಲ. ಆದರೆ ನಮ್ಮಲ್ಲಿ ಪರಿಚಯ ಇದ್ದರೆ ಸಾಕು, ಕ್ರಮ ಬಿಟ್ಟರೂ ನಡೆಯುತ್ತದೆ. ಗೊತ್ತಿರುವವರ ಹೆಸರು ಕೇಳುವುದು ಮರ್ಯಾದೆ ಅಲ್ಲ ಅನ್ನುತ್ತೇವೆ. ಒಂದೇ ಓಣಿಯಲ್ಲಿ ಮೂವರು ಬಸವರಾಜಪ್ಪ ಇರುವ ಊರಲ್ಲಿ ಆಮೇಲೆ ಬರೆದುಕೊಳ್ಳುವುದು ಅಂದರೆ ಏನು? ಒಬ್ಬರ ರಿಪೋರ್ಟಿಗೆ ಇನ್ನೊಬ್ಬರು ಮಾತ್ರೆ ನುಂಗಬೇಕಾದೀತು. ನನಗೆ ಈ ಸಲುಗೆ ಬೇಡ.

ಆದರೂ ಒಂದು ಮಾತು ಹೇಳಲೇಬೇಕು. ಅಪ್ಪಾಜಿ ಚೆನ್ನೈಗೆ ಬಂದಿದ್ದಾಗ ಇಲ್ಲಿ ನಾಲ್ಕು ಕಡೆ ಚುಚ್ಚಿದರೂ ನರ ಸಿಗಲಿಲ್ಲ. ನೋವಾಯ್ತಾ ಅಂತ ಯಾರೂ ಕೇಳಲೂ ಇಲ್ಲ. ನಮ್ಮೂರ ಹುಡುಗ ಅವರ ಕೈಯನ್ನು ತನ್ನ ತೊಡೆ ಮೇಲಿಟ್ಟುಕೊಂಡು, ಬೆರಳಲ್ಲಿ ತಡವಿ, ಒಂದೇ ಸಲಕ್ಕೆ ತೆಗೆದಿದ್ದ. ಆ ಹದಕ್ಕೆ ಯಾವ ಟ್ರೇನಿಂಗೂ ಸಾಕಾಗದು. ಬೆಳಿಗ್ಗೆ ಎಂಟರೊಳಗೆ ಐದು ಮನೆ ಮುಗಿಸು ಅಂತ ಅವನನ್ನು ಓಡಿಸುವವರೂ ಇದ್ದಾರಲ್ವಾ.

ಮೊನ್ನೆ ಮತ್ತೆ ಪರೀಕ್ಷೆ ಇತ್ತು. ನಾನು ವಿಡಿಯೊ ಕಾಲ್‌ನಲ್ಲಿದ್ದೆ. ಹುಡುಗ ಸೂಜಿ ಬಿಚ್ಚಿ, ಮುಚ್ಚಳ ತೆಗೆದು, ರಕ್ತವನ್ನು ಟ್ಯೂಬಿನ ಗೋಡೆಗುಂಟ ನಿಧಾನ ಇಳಿಸಿದ. ಪೆನ್ನು ತೆಗೆದು, "ಮೇಷ್ಟ್ರೇ, ಪೂರ್ತಿ ಹೆಸರು ಹೇಳ್ರಿ" ಅಂದ. ಅಪ್ಪಾಜಿ ಬೆನ್ನು ನೆಟ್ಟಗೆ ಮಾಡಿ ಕೂತು, ಊರು, ತಂದೆ ಹೆಸರು ಸೇರಿಸಿಯೇ ಹೇಳಿದರು.